ಟವೆಲ್ ಹಾಕಿದ ಸೀಟು

ರಾಯಚೂರಿನಲ್ಲಿ ದಾರಿ ಕೇಳಿದರೆ ಜನ ಇಲ್ಲದ್ದನ್ನು ಗುರುತು ಮಾಡಿ ದಾರಿ ಹೇಳುತ್ತಾರೆ. "ಟಾಕೀಸಿನ ಹತ್ರ ಇಳೀರಿ, ಬೇವಿನ ಗಿಡದ ಮುಂದ ಎಡಕ್ಕ ಹೊಳ್ರಿ" ಅನ್ನುತ್ತಾರೆ. ಇಳಿದು ನೋಡಿದರೆ ಟಾಕೀಸು ಕೆಡವಿ ಬಟ್ಟೆ ಅಂಗಡಿ ಕಟ್ಟಿದ್ದಾರೆ. ಬೇವಿನ ಗಿಡ ರಸ್ತೆ ಅಗಲ ಮಾಡುವಾಗಲೇ ಹೋಗಿದೆ. ಹೇಳಿದವರ ಕಣ್ಣಿಗೆ ಅವೆರಡೂ ಇನ್ನೂ ಇವೆ. ಈ ಊರಿಗೆ ಬಂದ ಹೊಸತರಲ್ಲಿ ನನಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಇಲ್ಲದ್ದನ್ನು ಕಾಣುವವರು ಮನೆಯಲ್ಲಿ ಒಬ್ಬರಿದ್ದದ್ದು ಸಾಲದೆ, ಊರಿಗೆ ಊರೇ ಹಾಗಿದ್ದರೆ ನಾನು ಯಾರನ್ನು ಕೇಳಲಿ?

ಮನೆಯಲ್ಲಿದ್ದವರು ನಮ್ಮ ಯಜಮಾನರು. ಮಾನ್ವಿಯ ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರಾಗಿ ನಿವೃತ್ತರಾದವರು. ಆಮೇಲೆ ಸ್ವಲ್ಪ ಕಾಲಕ್ಕೆ ಮರೆವು ಹಿಡಿಯಿತು. ಮೊದಲು ಕನ್ನಡಕ ಮರೆತರು, ಆಮೇಲೆ ಊಟ ಮಾಡಿದ್ದನ್ನು ಮರೆತರು, ಕೊನೆಗೆ ಸಂಧ್ಯಾವಂದನೆಯ ನಡುವೆ ಅಂಗೈಯಲ್ಲಿ ನೀರು ಹಿಡಿದುಕೊಂಡು ಮುಂದೇನು ಎಂದು ನನ್ನ ಮುಖ ನೋಡತೊಡಗಿದರು. ತೋರಿಸಬೇಕಾದ ಡಾಕ್ಟರು ರಾಯಚೂರಿನಲ್ಲಿದ್ದರು. ನಮ್ಮ ಮನೆಯಿದ್ದ ದೇವದುರ್ಗದಿಂದ ಪ್ರತಿ ಸಲ ಕರೆತರುವುದು ಆಗದ ಮಾತಾಯಿತು. ನನಗಿನ್ನೂ ಸರ್ವಿಸ್ ಉಳಿದಿತ್ತು. ಯಾರ್ಯಾರದೋ ಕೈಕಾಲು ಹಿಡಿದು ರಾಯಚೂರಿನ ಶಾಲೆಗೆ ವರ್ಗ ಮಾಡಿಸಿಕೊಂಡು, ಗಂಜ್ ಕಡೆ ಒಂದು ಬಾಡಿಗೆ ಮನೆ ಹಿಡಿದೆ. ಮಕ್ಕಳಿಲ್ಲ. ನಾವಿಬ್ಬರೇ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಟಂಟಂ ಹತ್ತುವುದನ್ನು ಕಲಿತೆ. ಆ ಮೂರು ಗಾಲಿಯ ಗಾಡಿಯಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎನ್ನುವುದಕ್ಕೆ, ಇಷ್ಟು ವರ್ಷ ಗಣಿತ ಕಲಿಸಿದ ನನ್ನ ಹತ್ತಿರವೂ ಉತ್ತರವಿಲ್ಲ. ಹಿಂದೆ ಎದುರುಬದುರು ತುಂಬಿ, ಡ್ರೈವರನ ಎರಡೂ ಪಕ್ಕಕ್ಕೆ ಒಬ್ಬೊಬ್ಬರು ಅರ್ಧರ್ಧ ಕೂತ ಮೇಲೂ ಅವನು "ಸ್ಟೇಷನ್, ಸ್ಟೇಷನ್, ತೀನ್ ಕಂದೀಲ್" ಎಂದು ಕೂಗುತ್ತಲೇ ಇರುತ್ತಾನೆ. "ಇನ್ನೆಲ್ಲಿ ಕೂಡಸ್ತೀಯಪ್ಪಾ, ನಿನ್ನ ತಲಿ ಮ್ಯಾಲೇನು?" ಎಂದು ನಾನು ಒದರಿದರೆ, "ಫಿಕರ್ ನಕ್ಕೋ ಕರೋ ಅಮ್ಮಾ, ಜರಾ ಸರ್ಕೋ" ಎಂದು ನಗುತ್ತ, ಚಿಂತೆ ಬೇಡ, ಸರಿದು ಕೂರಿ ಎಂದು ಕೈ ತೋರಿಸುತ್ತಾನೆ. ಸಿಟಿ ಬಸ್ಸಿನದು ಇನ್ನೊಂದು ಕಥೆ. ಗಾಜಿನಲ್ಲಿ ಒಂದು ಬೋರ್ಡು, ಕಂಡಕ್ಟರನ ಬಾಯಲ್ಲಿ ಇನ್ನೊಂದು ಊರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಾನು ಎಲ್ಲಿ ಹತ್ತಿದರೂ ಯಾರೋ ಒಬ್ಬ ಗಂಡಸು, "ಪುಕ್ಕಟೆ ಐತಂತ ಎಲ್ಲರೂ ತಿರುಗಾಕ ಹೊಂಟಾರ" ಎಂದು ಗೊಣಗುವುದು ಇದ್ದೇ ಇತ್ತು. ಎಡಗೈಯಲ್ಲಿ ಇವರ ಮುಂಗೈ ಹಿಡಿದು, ಬಲಗೈಯಲ್ಲಿ ಕಂಬ ಹಿಡಿದು ಆಸ್ಪತ್ರೆಗೆ ಹೋಗುವುದು ಎಂಥ ತಿರುಗಾಟ ಎಂದು ಆ ಮನುಷ್ಯನಿಗೆ ಏನು ಗೊತ್ತು?

ಇವರು ಮಾತ್ರ ಯಾವ ಗಾಡಿ ಹತ್ತಿದರೂ ಹೆಗಲ ಮೇಲಿನ ಟವೆಲ್ ತೆಗೆದು ಪಕ್ಕದ ಜಾಗದಲ್ಲಿ ಹಾಸಿಬಿಡುತ್ತಿದ್ದರು. ಟಂಟಂನಲ್ಲಿ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತಿರುವಾಗ ಟವೆಲ್ ಹಾಸಿದರೆ ಜನ ನಗದೆ ಏನು ಮಾಡುತ್ತಾರೆ? ಅವರು ನಕ್ಕಾಗ ನನಗೆ ಅವರ ಹಲ್ಲು ಉದುರಿಸಬೇಕು ಅನ್ನಿಸುತ್ತಿತ್ತು. ಆ ಟವೆಲ್ಲಿನ ಹಿಂದೆ ಏನಿದೆಯೆಂದು ಅವರಿಗೆ ಹೇಳಲೂ ಆಗುತ್ತಿರಲಿಲ್ಲ.

ನಮ್ಮ ಕಡೆ ಊರೂರಿಗೆ ಹೋಗುವ ಬಸ್ಸಿನಲ್ಲಿ ಸೀಟು ಮೊದಲು ಹತ್ತಿದವರದಲ್ಲ, ಮೊದಲು ಟವೆಲ್ ಹಾಕಿದವರದು. ಬಸ್ಸು ಸ್ಟ್ಯಾಂಡಿಗೆ ತಿರುಗುವ ಹೊತ್ತಿಗೇ ಜನ ಪಕ್ಕದಲ್ಲಿ ಓಡುತ್ತ ಕಿಟಕಿಯೊಳಗೆ ಟವೆಲ್, ಕರವಸ್ತ್ರ, ಊಟದ ಡಬ್ಬಿ, ಏನೂ ಇಲ್ಲದಿದ್ದರೆ ಕಾಲಲ್ಲಿನ ಚಪ್ಪಲಿ ಎಸೆಯುತ್ತಾರೆ. ಅದು ಬಿದ್ದ ಸೀಟು ಅವರದು. ಆಮೇಲೆ ಅವರು ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಕೊನೆಗೆ ಬಂದರೂ ಅಲ್ಲಿ ಯಾರೂ ಕೂತಿರುವುದಿಲ್ಲ. ಅಂಗೈಯಗಲ ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತುವ ಸೀಮೆಯಲ್ಲಿ ಟವೆಲ್ಲಿಗಿರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ.

ಮದುವೆಯಾದ ಮೇಲೆ ನಾವು ದೇವದುರ್ಗದಲ್ಲಿ ಮನೆ ಮಾಡಿ ಇಬ್ಬರೂ ದಿನಾ ಅಪ್ ಡೌನ್ ಮಾಡುತ್ತಿದ್ದೆವು. ಇವರು ಮಾನ್ವಿಯವರೆಗೆ. ನನ್ನ ಶಾಲೆ ಅದೇ ದಾರಿಯ ಒಂದು ಹಳ್ಳಿಯಲ್ಲಿ. ಸಂಜೆ ಇವರು ಮಾನ್ವಿಯ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸಿಗೆ ಟವೆಲ್ ಎಸೆದು, ಕಿಟಕಿ ಪಕ್ಕ ತಾವು ಕೂತು, ಪಕ್ಕದ ಸೀಟಿಗೆ ಟವೆಲ್ ಹಾಸಿ ಕಾಯುತ್ತಿದ್ದರು. ಬಸ್ಸು ತುಂಬುತ್ತಿತ್ತು. ನಿಂತವರು ಜಗಳಕ್ಕೆ ಬರುತ್ತಿದ್ದರು. ಇವರು ಟವೆಲ್ಲಿನ ಮೇಲೆ ಕೈ ಇಟ್ಟು, "ಜಾಗ ಹಿಡದೀನ್ರೀ, ನಮ್ಮ ಮನಿಯಾಕಿ ಬರಾಕತ್ತಾಳ. ಮುಂದಿನ ಊರಾಗ ಹತ್ತತಾಳ" ಅನ್ನುತ್ತಿದ್ದರಂತೆ. ನಾನು ಸೀಮೆಸುಣ್ಣದ ಪುಡಿ ಮೆತ್ತಿದ ಕೈಯಲ್ಲಿ ಚೀಲ ಹಿಡಿದು ಹತ್ತಿ, ಜನರ ನಡುವೆ ತೂರಿಕೊಂಡು ಬಂದರೆ ಟವೆಲ್ ಎತ್ತುತ್ತಿದ್ದರು. "ಬಾ, ಕೂಡು." ಅಷ್ಟೇ ಮಾತು. ಆಮೇಲೆ ಇಬ್ಬರೂ ನಿದ್ದೆ ಹೋಗುತ್ತಿದ್ದೆವು. ನಮ್ಮ ಸಂಸಾರದಲ್ಲಿ ದೊಡ್ಡ ಪ್ರೇಮ ಏನಾದರೂ ಇದ್ದರೆ ಅದು ಆ ಟವೆಲ್. ಬೇರೆ ಎಲ್ಲದಕ್ಕೂ ಕಚ್ಚಾಡಿದ್ದೇವೆ.

ರಾಯಚೂರಿಗೆ ಬಂದ ಮೇಲೆ ನಾನು ಶಾಲೆಗೆ ಹೋದಾಗ ಇವರನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ಆಪಾ, ಓಣಿಗೆಲ್ಲ ಅಕ್ಕ. ಗಂಡ ತೀನ್ ಕಂದೀಲ್ ಸರ್ಕಲ್ ಹತ್ತಿರ ಬಳೆ ವ್ಯಾಪಾರ ಮಾಡುತ್ತಾನೆ, ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮಶೀನು ನಮ್ಮ ಬಾಗಿಲ ಎದುರಿಗೆ ಎಳೆದುಕೊಂಡು, ಹೊಲಿಯುತ್ತಲೇ ಇವರನ್ನು ಕಾಯುತ್ತಿದ್ದಳು. ಒಂದು ದಿನ ಇವರು ಅವಳ ಕಣ್ಣು ತಪ್ಪಿಸಿ ಮೂಲೆಯ ಟಂಟಂ ಹತ್ತಿ ಕೂತುಬಿಟ್ಟಿದ್ದರು. ಡ್ರೈವರು ಗುರುತಿನವನಾದ್ದರಿಂದ ತಿರುಗಿ ತಂದು ಬಿಟ್ಟ.

ಅವತ್ತು ಆಪಾ ಅಂದಳು: "ಟೀಚರಮ್ಮಾ, ಅಂಗಿ ಬದಲಸ್ತಾರ, ಧೋತರ ಬದಲಸ್ತಾರ, ಟವೆಲ್ ಒಂದ ಬಿಡಂಗಿಲ್ಲ ನೋಡ್ರಿ ಅವರು. ನಿಮ್ಮ ನಂಬರ್ ಅದರ ಮ್ಯಾಲೆ ಹೊಲದ ಕೊಡ್ತೀನಿ." ಬಿಳಿ ಟವೆಲ್, ಹಸಿರು ಅಂಚು. ನಮ್ಮ ಜಿಲ್ಲೆಯ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುವಂಥದ್ದು. ಅದರ ಮೂಲೆಗೆ ಅವಳು ಕರಿ ದಾರದಲ್ಲಿ ನನ್ನ ಮೊಬೈಲ್ ನಂಬರು ಹೊಲಿದಳು. ದನಕ್ಕೆ ಮುದ್ರೆ ಹಾಕಿದ ಹಾಗೆ ಅನ್ನಿಸಿ ನನಗೆ ಅಳು ಬಂತು. ಅವಳಿಗೂ ಬಂತು.

ಮುಂದೆ ಒಂದು ಬೆಳಿಗ್ಗೆ ಚಹಾದ ಲೋಟ ಕೈಗೆ ಕೊಟ್ಟಾಗ ಇವರು ಎದ್ದು ನಿಂತರು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಅಕ್ಕೋರ, ನಿಮಗ್ಯಾಕ ತ್ರಾಸು? ನಮ್ಮ ಮನಿಯಾಕಿ ಎಲ್ಲಿ ಹೋಗ್ಯಾಳ್ರೀ?" ಅಂದರು. ಶಾಲೆಯ ಹುಡುಗರು, ಊರಿನವರು ಟೀಚರಿಗೆ ಅನ್ನುವ ಮಾತು ಅದು, ಅಕ್ಕೋರ. ಮದುವೆಯಾದಾಗಿನಿಂದ ನನ್ನನ್ನು ಲೇ ಅಂದವರು, ನೀನು ಅಂದವರು, ಸಿಟ್ಟು ಬಂದಾಗ ಇನ್ನೂ ಏನೇನೋ ಅಂದವರು. ಅವತ್ತು ಕೊಟ್ಟ ಮರ್ಯಾದೆಯಂಥ ಹೊಡೆತ ನನಗೆ ಯಾರೂ ಕೊಟ್ಟಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು ಔಷಧ ಬದಲಿಸಲಿಲ್ಲ. "ಹಳೇ ಜಾಗಾ ಒಮ್ಮೆ ತೋರಿಸಿಕೊಂಡ ಬರ್ರಿ. ಕೆಲವರಿಗೆ ಏನರ ನೆನಪಾಗತದ. ಆಗದೇನೂ ಇರಬಹುದು" ಅಂದರು. ಅವರ ಮಾತಿನ ಮೊದಲ ಅರ್ಧವನ್ನಷ್ಟೇ ನಾನು ಮನೆಗೆ ತಂದೆ. ಇವರೂ ದಿನಾ ಸಂಜೆ "ಊರಿಗೆ ಹೋಗೂಣು" ಎಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ದೇವದುರ್ಗದ ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ನಾನು ಯಾರೆಂದು ಇವರಿಗೆ ಹೊಳೆಯಬಹುದು. ಒಂದೇ ಸಲ ಹೊಳೆದರೆ ಸಾಕು, ಆಮೇಲೆ ಮತ್ತೆ ಮರೆಯಲಿ. ಆ ಆಸೆಯೊಂದನ್ನು ಗಟ್ಟಿ ಹಿಡಿದುಕೊಂಡು ಒಂದು ಭಾನುವಾರ ಹೊರಟೆ.

ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಯಾವುದೋ ಮದುವೆ ಮುಹೂರ್ತವಿರಬೇಕು, ಎಲ್ಲರ ಮೈಮೇಲೂ ಜರಿ. ಇವರನ್ನು ಒಂದು ಕಂಬದ ಹತ್ತಿರ ನಿಲ್ಲಿಸಿ, "ಇಲ್ಲೇ ನಿಂದರ್ರಿ, ಎಲ್ಲೂ ಹೋಗಬ್ಯಾಡ್ರಿ" ಅಂದೆ. ದೇವದುರ್ಗದ ಬಸ್ಸು ತಿರುಗಿತು. ದುಡ್ಡಿದ್ದ ಚೀಲ ಬಿಟ್ಟರೆ ನನ್ನ ಹತ್ತಿರ ಎಸೆಯಲು ಏನೂ ಇರಲಿಲ್ಲ. ಇವರ ಹೆಗಲಿನಿಂದ ಟವೆಲ್ ಎಳೆದುಕೊಂಡು, ಈ ವಯಸ್ಸಿನಲ್ಲಿ ಸೀರೆ ಎತ್ತಿ ಹಿಡಿದು ಬಸ್ಸಿನ ಪಕ್ಕ ಓಡಿದೆ. ಜೀವಮಾನದಲ್ಲಿ ಮೊದಲ ಸಲ ಕಿಟಕಿಯೊಳಗೆ ಟವೆಲ್ ಎಸೆದೆ. ಬಾಗಿಲಿನ ಹಿಂದಿನ ಸೀಟಿಗೆ ಸರಿಯಾಗಿ ಬಿತ್ತು. ಎಂಥ ಹೆಮ್ಮೆಯಾಯಿತು! ಇವರಿಗೆ ಹೇಳಬೇಕೆಂದು ಹಿಂತಿರುಗಿದರೆ ಕಂಬ ಇತ್ತು, ಇವರಿರಲಿಲ್ಲ.

ಮೊದಲು ಸಿಟ್ಟು ಬಂತು. ಆಮೇಲೆ ಹುಡುಕತೊಡಗಿದೆ. ಮೂತ್ರಾಲಯದ ಕಡೆ ನೋಡಿದೆ, ಚಹಾದಂಗಡಿ ನೋಡಿದೆ, ಬಿಳಿ ಧೋತರ ಕಂಡಲ್ಲೆಲ್ಲ ಹೋಗಿ ಮುಖ ನೋಡಿದೆ. ದೇವದುರ್ಗದ ಬಸ್ಸು ಹೊರಡುವಾಗ ಕಿಟಕಿಯಿಂದ ಯಾರೋ, "ಈ ಟವೆಲ್ ಯಾರದರೀ? ಬರ್ರಿ ಲಗೂನ" ಎಂದು ಕೂಗುತ್ತಿದ್ದರು. ನಾನು ಕಂಟ್ರೋಲರ್ ಕೋಣೆಗೆ ಓಡಿದೆ. ಕಂಟ್ರೋಲರ್ ಮೈಕಿನಲ್ಲಿ ಕೂಗಿದರು: ಬಿಳಿ ಧೋತರ, ಹಣೆಗೆ ಗೋಪಿಚಂದನ, ಎತ್ತರದ ಆಳು, ಕಂಡವರು ಕರೆದುಕೊಂಡು ಬರ್ರಿ. ಗದ್ದಲದಲ್ಲಿ ಅದು ನನಗೇ ಕೇಳಿಸಲಿಲ್ಲ.

ಆಗ ನನ್ನ ಮೊಬೈಲ್ ರಿಂಗಾಯಿತು. ಗೊತ್ತಿಲ್ಲದ ನಂಬರು. ಆಪಾನ ಹೊಲಿಗೆ ಕೆಲಸ ಮಾಡಿತು ಎಂದು ಕೈ ಮುಗಿದೇ ಎತ್ತಿದೆ.

"ಟವೆಲ್ ಮ್ಯಾಲೆ ನಂಬರ್ ಇತ್ತರೀ ಯವ್ವಾ. ನಿಮದೇನು?"

"ಹೌದ್ರೀ, ಹೌದು. ಅದಾರೇನ್ರೀ? ಅಲ್ಲೇ ಹಿಡಕೊಂಡ ಕುಂದರಸ್ರಿ ಅವರನ್ನ!"

ಆ ಕಡೆಯ ಮನುಷ್ಯ ಗಲಿಬಿಲಿಯಾದ. "ಯಾರನ್ನರೀ? ನಾನು ದೇವದುರ್ಗದ ಬಸ್ಸಿನಾಗ ಅದೀನಿ. ನಿಮ್ಮ ಟವೆಲ್ ಸೀಟಿನ ಮ್ಯಾಲೇ ಉಳದದ. ಪಾಪ, ಯಾರದೋ ಏನೋ, ಕಳೀಬಾರದಂತ ಫೋನ್ ಮಾಡಿದೆ. ಯಾರೂ ಕುಂತಿಲ್ಲ ಬಿಡ್ರಿ, ನಿಮ್ಮ ಸೀಟ್ ಹಂಗೇ ಅದ."

ಮನುಷ್ಯ ಕಳೆದುಹೋಗಿದ್ದರು, ಟವೆಲ್ ಸಿಕ್ಕಿತ್ತು. ನಾನು ಆ ಪುಣ್ಯಾತ್ಮನಿಗೆ ಬಾಯಿಗೆ ಬಂದ ಹಾಗೆ ಬೈದು, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸಾಕಾಗಿ ಹೋಗಿತ್ತು. ಈ ಊರು ಬೇಡ, ಈ ಬಸ್ಸು ಬೇಡ, ಈ ಜೀವ ಒಂದು ಯಾಕೆ ಬೇಕು ಎಂದು ಅಷ್ಟು ಜನರ ನಡುವೆ ಬಾಯಿಬಿಟ್ಟು ಅತ್ತೆ. ಜರಿ ಸೀರೆಯ ಹೆಂಗಸರು ನೀರು ಕೊಟ್ಟರು. ಕಂಟ್ರೋಲರ್ ಮಾತ್ರ ಆಗಷ್ಟೇ ಹೊರಟ ಬಸ್ಸುಗಳ ಕಂಡಕ್ಟರುಗಳಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಲೇ ಇದ್ದರು. ಕೊನೆಗೆ ಮಾನ್ವಿ ಮೇಲೆ ಹೋಗುವ ಸಿಂಧನೂರಿನ ಬಸ್ಸಿನವನು ಹೌದು ಅಂದ. ದೇವದುರ್ಗಕ್ಕೂ ಮಾನ್ವಿಗೂ ಕಲ್ಮಲದ ತನಕ ಒಂದೇ ದಾರಿ. ಕಲ್ಮಲ ದಾಟಿದ ಮೇಲೆ ಟಿಕೆಟ್ ಕೇಳಿದಾಗ ಒಬ್ಬ ಆಚಾರ್ರು ದೇವದುರ್ಗ ಅಂದರಂತೆ. ಮಾನ್ವಿಯಲ್ಲಿ ಇಳಿಸಿ, ಅಲ್ಲಿನ ಕಂಟ್ರೋಲರ್ ಹತ್ತಿರ ಕೂರಿಸುತ್ತೇನೆ ಎಂದ.

ಮುಂದಿನ ಬಸ್ಸಿಗೆ ಮಾನ್ವಿಗೆ ಹೊರಟೆ. ನೀರಮಾನ್ವಿ ಬಂದಾಗ ಬಸ್ಸಿನವರೆಲ್ಲ ಎಲ್ಲಮ್ಮನ ಗುಡಿ ಕಡೆ ಕೈ ಮುಗಿದರು. ಅವಳು ನಮ್ಮ ಮನೆದೇವರಲ್ಲ, ನಾನೂ ಮುಗಿದೆ. ಇವರು ಸಿಕ್ಕರೆ ಸಾಕು ಎಂದು ಕೇಳಲಿಲ್ಲ. ಸಿಕ್ಕಾಗ ನನ್ನ ಗುರುತು ಹಿಡಿಯಲಿ ಎಂದು ಕೇಳಿದೆ.

ಮಾನ್ವಿಯ ಕಂಟ್ರೋಲರ್ ಇವರ ಕಥೆಯನ್ನೆಲ್ಲ ಕಂಡಕ್ಟರನಿಂದ ಕೇಳಿಕೊಂಡಿದ್ದರು. ಸಿಂಧನೂರಿನ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಯಾರೋ ಒಂದು ಬಿಳಿ ಟವೆಲ್ ಹಾಕಿ ಚಹಾಕ್ಕೆ ಹೋಗಿದ್ದರಂತೆ. ಹಸಿರು ಅಂಚಿನದು. ಇವರು ಹೊರಗಿನಿಂದ ಅದನ್ನು ನೋಡಿದ್ದಾರೆ. ತಮ್ಮ ಹೆಗಲು ಮುಟ್ಟಿ ನೋಡಿಕೊಂಡಿದ್ದಾರೆ, ಖಾಲಿ. ಅಂದ ಮೇಲೆ ಅದು ತಮ್ಮ ಟವೆಲ್, ಅದು ತಮ್ಮ ಸೀಟು. ಸಂಧ್ಯಾವಂದನೆ ಮರೆತವರು, ಹೆಂಡತಿಯನ್ನು ಮರೆತವರು ಈ ಕಾಯಿದೆ ಮರೆತಿರಲಿಲ್ಲ. "ಟವೆಲ್ ಹಾಕೀನ್ರೀ" ಅಂದಾಗ ಜನ ದಾರಿ ಬಿಟ್ಟಿದ್ದಾರೆ. ಟವೆಲ್ಲಿನವನು ಪೋತ್ನಾಳದ ಒಬ್ಬ ಪ್ರಾಯದ ಆಳು. ಬಂದು ನೋಡಿ, ಹಿರಿಯರು ಟವೆಲ್ ಮೇಲೆ ಕೈ ಇಟ್ಟು ಕೂತದ್ದನ್ನು ಕಂಡು, ಮಾನ್ವಿಯ ತನಕ ನಿಂತೇ ಬಂದನಂತೆ. ಇವರು ಇಳಿಯುವಾಗ ಟವೆಲ್ ತಗೊಂಡಾಗಲೂ, "ಇರಲಿ ಬಿಡ್ರಿ" ಅಂದನಂತೆ. ಯಾರದೂ ತಪ್ಪಿಲ್ಲ. ಒಬ್ಬರಾದರೂ ಕೆಟ್ಟವರಿದ್ದು, "ಏಳೋ ಮುದುಕಾ, ಇದು ನನ್ನ ಜಾಗ" ಎಂದು ರಾಯಚೂರಿನಲ್ಲೇ ಎಬ್ಬಿಸಿದ್ದರೆ ಇವರು ಕಂಬದ ಹತ್ತಿರ ಸಿಗುತ್ತಿದ್ದರು.

"ಈಗ ಎಲ್ಲಿ ಅದಾರ್ರೀ?" ಅಂದೆ.

ಕಂಟ್ರೋಲರ್ ಬೆಂಚಿನ ಕಡೆ ನೋಡಿ ಗಾಬರಿಯಾದರು. "ಇಲ್ಲೇ ಕುಂತಿದ್ರಲ್ರೀ! ಈಗ ದೇವದುರ್ಗದ ಗಾಡಿ ಬಂದು ನಿಂತದ, ನೋಡ್ರಿ."

ಓಡಿದೆ. ಬಸ್ಸು ತುಂಬಿತ್ತು. ಎಡಗಡೆ, ಕಿಟಕಿ ಪಕ್ಕ ಇವರು ಕೂತಿದ್ದರು, ಮುಖದಲ್ಲಿ ಎಂದೂ ಇಲ್ಲದ ಸಮಾಧಾನ. ಪಕ್ಕದ ಸೀಟಿನಲ್ಲಿ ಆ ಪೋತ್ನಾಳದವನ ಟವೆಲ್ ಮಡಿಕೆಯಿಲ್ಲದ ಹಾಗೆ ಹಾಸಿತ್ತು. ನಾನು ಏದುಸಿರು ಬಿಡುತ್ತ ಹೋಗಿ ಕೂರಲು ಬಗ್ಗಿದೆ. ಇವರು ಟವೆಲ್ಲಿನ ಮೇಲೆ ಕೈ ಇಟ್ಟರು.

"ಜಾಗ ಹಿಡದೀನ್ರೀ. ನಮ್ಮ ಮನಿಯಾಕಿ ಬರಾಕತ್ತಾಳ."

"ನಾನ ಬಂದೀನಿ, ನೋಡ್ರಿ."

ನೋಡಿದರು. ನಿಧಾನವಾಗಿ, ಹಿಂದಿ ಮಾಸ್ತರು ಹುಡುಗನ ಕಾಪಿ ಪುಸ್ತಕ ನೋಡುವ ಹಾಗೆ ನೋಡಿದರು. "ತಪ್ಪು ತಿಳೀಬ್ಯಾಡ್ರಿ ಅಕ್ಕೋರ. ಅಕಿ ಮುಂದಿನ ಊರಾಗ ಹತ್ತತಾಳ" ಅಂದರು.

ಹಿಂದೆ ನಿಂತಿದ್ದ ಒಬ್ಬಾಕೆ ರೇಗಿದಳು. "ಏನ್ರೀ ಅಜ್ಜಾರ, ಇಷ್ಟ ಮಂದಿ ನಿಂತೀವಿ, ಖಾಲಿ ಸೀಟ್ ಹಿಡಕೊಂಡ ಕುಂತೀರಲ್ಲ!" ಅವಳು ಅಂದದ್ದು ನ್ಯಾಯವಾಗಿಯೇ ಇತ್ತು. ಆದರೂ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಟವೆಲ್ ಹಾಕ್ಯಾರ, ಕಾಣಂಗಿಲ್ಲೇನು? ಅವರ ಮನಿಯಾಕಿ ಬರ್ತಾಳ" ಎಂದು ಬಾಯಿ ಮಾಡಿದೆ. ನನ್ನ ಸೀಟನ್ನು ನಾನೇ ಕಾಯುತ್ತ, ಕಂಬ ಹಿಡಿದು ನಿಂತೆ. ಬಸ್ಸು ಹೊರಟಿತು.

ನನ್ನ ಹಳೆಯ ಶಾಲೆಯ ಊರು ಹತ್ತಿರವಾದ ಹಾಗೆ ಇವರು ಕಿಟಕಿಯಿಂದ ತಲೆ ಹೊರಹಾಕಿದರು. ಆಗ ನನಗೆ ಹೊಳೆಯಿತು. ಬಸ್ಸು ನಿಂತ ಕೂಡಲೇ ಇಳಿದೆ. ಇಳಿಯುವವರನ್ನು ಬಿಟ್ಟು, ಹತ್ತುವವರ ಜೊತೆ ನಿಂತೆ. ಅದೇ ಕಟ್ಟೆ, ಅದೇ ಕಿರಾಣಿ ಅಂಗಡಿ. ಸೆರಗು ಸರಿಮಾಡಿಕೊಂಡೆ, ಚೀಲವನ್ನು ಮೊದಲಿನ ಹಾಗೆ ಎಡಗೈಗೆ ತೆಗೆದುಕೊಂಡೆ. "ಏನವ್ವಾ, ಇಳಿಯೋದು, ಹತ್ತೋದು! ಆಟ ಹಚ್ಚೀರೇನು?" ಎಂದು ಕಂಡಕ್ಟರ್ ಗದರಿದ. ಹತ್ತಿದೆ. ಜನರ ನಡುವೆ ತೂರಿಕೊಂಡು, ಎಷ್ಟೋ ಸಾವಿರ ಸಂಜೆ ಬಂದ ಹಾಗೆ ಇವರ ಮುಂದೆ ಬಂದು ನಿಂತೆ.

ಇವರು ನನ್ನನ್ನು ನೋಡಿದರು. ಆಮೇಲೆ ನನ್ನ ಹಿಂದೆ ನೋಡಿದರು. ಬಾಗಿಲು ಮುಚ್ಚುವ ತನಕ, ಕಂಡಕ್ಟರ್ ಸೀಟಿ ಊದುವ ತನಕ, ಇನ್ನೂ ಯಾರೋ ಹತ್ತಬೇಕಾಗಿದೆ ಎನ್ನುವ ಹಾಗೆ ಬಾಗಿಲನ್ನೇ ನೋಡುತ್ತಿದ್ದರು. ಬಸ್ಸು ಕದಲಿತು. ಇವರು ಟವೆಲ್ ಎತ್ತಿ ಮಡಚಿ ಹೆಗಲಿಗೆ ಹಾಕಿಕೊಂಡು, ನನಗಾಗಿ ಸ್ವಲ್ಪ ಸರಿದರು.

"ಕೂಡ್ರಿ ಅಕ್ಕೋರ" ಅಂದರು. "ಅಕಿ ಇವತ್ತ ಬರಂಗಿಲ್ಲ ಕಾಣತದ."

ನಾನು ಕೂತೆ.